ಹಿತ್ತಲ ಕೋಳಿಗೆ ಬಯಸಿದ ಬಣ್ಣ

ಜಾತ್ರೆಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದನ್ನು ನೀವು ನೋಡಿಯೇ ಇರುತ್ತೀರಿ. ಮಕ್ಕಳು ಹಟ ಹಿಡಿದು ಒಂದೆರಡನ್ನು ಕೊಡಿಸಿಕೊಂಡೂ ಇರಬಹುದು. ಆ ಬಣ್ಣ ಎಷ್ಟು ದಿನ ನಿಂತಿತು, ಹೇಳಿ? ಹೊಸ ಗರಿ ಮೂಡುತ್ತಲೇ ಮಾಯ! ಮೊಟ್ಟೆ ಫಾರಂಗಳಿಗೆ ಬೇಡವಾದ ಗಂಡುಮರಿಗಳನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆದು ಮಾರುವ ವ್ಯಾಪಾರ ಅದು. ಪಾಪ, ಹೆಚ್ಚಿನವು ವಾರ ಕಳೆಯುವುದರೊಳಗೆ ಸತ್ತೂ ಹೋಗುತ್ತವೆ.

ಇಲ್ಲಿ ಹೇಳಹೊರಟಿರುವುದು ಆ ಬಣ್ಣದ ಮಾತಲ್ಲ. ತಾಯಿತಂದೆಯಿಂದ ಮರಿಗೆ ಇಳಿದುಬರುವ, ಎಷ್ಟು ಮಳೆ ಬಿದ್ದರೂ ತೊಳೆದುಹೋಗದ ಬಣ್ಣದ ಮಾತು. ನಾಲ್ಕಾರು ನಾಟಿ ಕೋಳಿ ಸಾಕಿಕೊಂಡಿರುವ ಗೃಹಿಣಿ ಮನಸ್ಸು ಮಾಡಿದರೆ ತನಗೆ ಬೇಕಾದ ಬಣ್ಣದ ಕೋಳಿಯನ್ನು ತನ್ನ ಹಿತ್ತಲಲ್ಲೇ ಎಬ್ಬಿಸಬಹುದು. ಇದಕ್ಕೆ ಮೆಷಿನ್ನೂ ಬೇಡ, ಸಾಲವೂ ಬೇಡ. ಒಂದು ನೋಟ್ ಬುಕ್ಕು, ಒಂದು ಪೆನ್ಸಿಲ್ಲು, ಒಂದಷ್ಟು ತಾಳ್ಮೆ ಸಾಕು.

“ಬಣ್ಣದಿಂದ ಏನಾಗಬೇಕ್ರೀ, ಮೊಟ್ಟೆ ಇಟ್ಟರೆ ಸಾಲದೆ?” ಎನ್ನುತ್ತೀರಾ? ಸಂತೆಗೆ ಕೋಳಿ ಒಯ್ಯುವವರನ್ನು ಕೇಳಿ ನೋಡಿ. ಒಂದೇ ತೂಕದ ಎರಡು ಹುಂಜಗಳಿದ್ದರೆ ಕೆಂಪಗೆ ಹೊಳೆಯುವ, ಬಾಲದಲ್ಲಿ ಹಸಿರು ಮಿಂಚುವ ಹುಂಜ ಮೊದಲು ಖರ್ಚಾಗುತ್ತದೆ. ಹರಕೆಗೆ ಕೆಲವರಿಗೆ ಕರಿ ಕೋಳಿಯೇ ಆಗಬೇಕು, ಕೆಲವರಿಗೆ ಕೆಂಪು ಹುಂಜವೇ ಆಗಬೇಕು. ಆ ಹೊತ್ತಿಗೆ ಅವರು ಚೌಕಾಸಿಗೆ ನಿಲ್ಲುವುದಿಲ್ಲ. ಆಂಧ್ರದಲ್ಲಂತೂ ಪಂದ್ಯದ ಹುಂಜಗಳಿಗೆ ಬಣ್ಣದ ಮೇಲೇ ಹೆಸರು: ಕಪ್ಪು ಹುಂಜ ಕಾಕಿ, ಕೆಂಪು ಹುಂಜ ಡೇಗ, ನವಿಲಿನಂತಿರುವುದು ನೆಮಲಿ. ಯಾವ ದಿನ ಯಾವ ಬಣ್ಣದ್ದು ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ಅಲ್ಲಿ ಇದೆ. (ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಕಾಯಿದೆಯ ಪ್ರಕಾರ ಅಪರಾಧ. ಪಂಚಾಂಗ ಆ ಮಾತನ್ನು ಹೇಳುವುದಿಲ್ಲ!) ಹೆಸರಾಂತ ಅಸೀಲ್ ತಳಿಯಲ್ಲೂ ಹೊಂಗೆಂಪಿನದು ಪೀಲಾ, ಕಪ್ಪು-ಕೆಂಪಿನದು ಯಾಕೂಬ್, ಬಿಳಿಯದು ನೂರಿ, ಕಪ್ಪು ಬಿಳಿ ಚುಕ್ಕೆಯದು ಚಿತ್ತಾ. ಕೇರಳದ ತಲಶ್ಶೇರಿ ಕೋಳಿ ಕಪ್ಪಾದರೂ ಕತ್ತಿನಲ್ಲಿ, ಬೆನ್ನಿನಲ್ಲಿ ನೀಲಿಯ ಹೊಳಪು.

ಇನ್ನೊಂದು ಮಾತು. ಹಿತ್ತಲ ಕೋಳಿಯ ಕಾಸು ಅನೇಕ ಮನೆಗಳಲ್ಲಿ ಹೆಂಗಸಿನ ಸ್ವಂತ ಕಾಸು. ಯಜಮಾನರು ಲೆಕ್ಕ ಕೇಳದ ಕಾಸು. ಅದು ಹೆಚ್ಚುವುದಾದರೆ ಬಣ್ಣವೆಂದು ತಾತ್ಸಾರವೇಕೆ? ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎನ್ನುವ ಸೋದರಿಯರು ಪುಟ ತಿರುವಬೇಕಾಗಿಲ್ಲ. ವಂಶದ ಲೆಕ್ಕ ಎಲ್ಲರಿಗೂ ಸ್ವಾರಸ್ಯವೇ.

ಮರೆಯಲ್ಲಿರುವ ಕೆಂಪು

ಜಗತ್ತಿನ ಸಾಕುಕೋಳಿಗಳೆಲ್ಲ ಮುಖ್ಯವಾಗಿ ಕೆಂಪು ಕಾಡುಕೋಳಿಯ ಸಂತಾನ. ಅದರ ಹುಂಜಕ್ಕೆ ಹೊಂಗೆಂಪು ಕತ್ತು, ಕಪ್ಪು ಎದೆ, ಹಸಿರು ಮಿಂಚಿನ ಬಾಲ. ಹೇಂಟೆಗೆ ಒಣ ಎಲೆಯ ಕಂದು. ಚೀನಾದ ನೈರುತ್ಯ, ಥಾಯ್ಲೆಂಡಿನ ಉತ್ತರ, ಮ್ಯಾನ್ಮಾರ್ ಕಡೆಯ ಕಾಡುಕೋಳಿಗಳೇ ಇವುಗಳ ಮೂಲವೆಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆ ಹೇಳಿತು. ಆದರೆ ನಮ್ಮ ಪಾಲೂ ಇದೆ. ಕೋಳಿಯ ಕಾಲು, ಚರ್ಮ ಹಳದಿ ಇರುತ್ತದಲ್ಲ, ಆ ಗುಣ ಕೆಂಪು ಕಾಡುಕೋಳಿಯದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ತೋರಿಸಿದರು. ಮಲೆನಾಡಿನ ಸೋದರಿಯರು ಬೆಳಿಗ್ಗೆ ತೋಟದಂಚಿನಲ್ಲಿ ಕೂಗು ಕೇಳುತ್ತಾರಲ್ಲ, ಅದೇ ಕೋಳಿ!

ನಿಮ್ಮ ಕೋಳಿ ಕಪ್ಪಿರಲಿ ಬಿಳಿಯಿರಲಿ, ಆ ಹಳೆಯ ಕೆಂಪು ಒಳಗೆಲ್ಲೋ ಅಡಗಿರುವ ಸಂಭವ ಹೆಚ್ಚು. ಕಪ್ಪು ಬಲವಾದ ಬಣ್ಣ. ಶುದ್ಧ ಕರಿ ಹುಂಜಕ್ಕೆ ಕೆಂಪು ಹೇಂಟೆ ಕೂಡಿದರೆ ಮರಿಗಳೆಲ್ಲ ಹೆಚ್ಚುಕಡಿಮೆ ಕಪ್ಪೇ. ಕತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹೊಂಬಣ್ಣದ ಎಳೆ ಇಣುಕಬಹುದು. ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ ಕೆಂಪು ಮತ್ತೆ ಹೊರಗೆ ಬರುತ್ತದೆ. “ಕರಿ ಕೋಳಿಗೆ ಕೆಂಪು ಮರಿ ಹೇಗೆ ಬಂತು? ಪಕ್ಕದ ಮನೆ ಹುಂಜದ್ದೇ ಕೆಲಸ” ಎಂದು ಜಗಳಕ್ಕೆ ಹೋಗಬೇಡಿ. ಅಜ್ಜಿಯ ಬಣ್ಣ ಮೊಮ್ಮಗಳಿಗೆ ಬಂದಿದೆ, ಅಷ್ಟೇ.

ಹಾಗಾದರೆ ನಿಮ್ಮ ಕರಿ ಹುಂಜ ಶುದ್ಧವೋ ಬೆರಕೆಯೋ ತಿಳಿಯುವುದು ಹೇಗೆ? ಅದನ್ನು ಕೆಂಪು ಹೇಂಟೆಯ ಜೊತೆ ಬಿಡಿ. ಹತ್ತು ಮರಿಗಳಲ್ಲಿ ಒಂದೂ ಕೆಂಪು ಬರದಿದ್ದರೆ ಹುಂಜ ಬಹುಮಟ್ಟಿಗೆ ಶುದ್ಧ. ಒಂದೇ ಒಂದು ಕೆಂಪು ಬಂದರೂ ಅದರೊಳಗೆ ಕೆಂಪು ಅಡಗಿದೆ ಎಂದು ತಿಳಿಯಿರಿ. ನೂರು ಮಾತಿಗಿಂತ ಹತ್ತು ಮರಿಯ ಸಾಕ್ಷಿ ದೊಡ್ಡದು.

ಬಿಳಿಯ ಸಂಗತಿ ಸ್ವಲ್ಪ ತಂಟೆ. ಫಾರಂನ ಬಿಳಿ ಲೆಗ್‌ಹಾರ್ನ್ ಕೋಳಿಯ ಬಿಳುಪು ಎಲ್ಲ ಬಣ್ಣವನ್ನೂ ಮುಚ್ಚುವ ಬಿಳುಪು. ನಿಮ್ಮ ಬಣ್ಣದ ಕೋಳಿಗೆ ಅದು ಕೂಡಿದರೆ ಮರಿಗಳು ಬಿಳಿಯಾಗಿ, ಎಲ್ಲೋ ಒಂದೆರಡು ಕಪ್ಪು ಚುಕ್ಕೆಯಿಟ್ಟು ಬರುತ್ತವೆ. ಬೇರೊಂದು ಬಗೆಯ ಬಿಳುಪು ಇದಕ್ಕೆ ತಿರುಗುಮುರುಗು. ಅದು ಅಡಗಿಕೊಂಡಿದ್ದು, ತಾಯಿತಂದೆ ಇಬ್ಬರಲ್ಲೂ ಇದ್ದರೆ ಮಾತ್ರ ಹೊರಬೀಳುತ್ತದೆ. ಹೀಗಾಗಿ ಎರಡು ಬಣ್ಣದ ಕೋಳಿಗಳಿಗೆ ಅಚ್ಚ ಬಿಳಿ ಮರಿ ಹುಟ್ಟುವುದೂ ಉಂಟು.

ಬೂದು ಕೋಳಿಯ ಒಗಟು

ಸ್ಪೇನ್ ದೇಶದ ಆಂಡಲೂಸಿಯನ್ ಎಂಬ ತಳಿಯಲ್ಲಿ ಬೂದು ಬಣ್ಣದ ಚೆಲುವಾದ ಕೋಳಿಗಳಿವೆ. ಮಳೆಮೋಡದ ಬಣ್ಣ ಎನ್ನಬಹುದು. ಇಂಗ್ಲಿಷರು ಅದನ್ನು ನೀಲಿ ಎಂದೇ ಕರೆದರು. ಪ್ರದರ್ಶನದಲ್ಲಿ ಬಹುಮಾನವೆಲ್ಲ ಈ ಬಣ್ಣಕ್ಕೇ. ಆದರೆ ಸಾಕುವವರಿಗೊಂದು ತಲೆನೋವು. ಎಂಥ ಒಳ್ಳೆಯ ಬೂದು ಹುಂಜಕ್ಕೆ ಎಂಥ ಒಳ್ಳೆಯ ಬೂದು ಹೇಂಟೆ ಕೂಡಿಸಿದರೂ ಮರಿಗಳಲ್ಲಿ ಅರ್ಧ ಮಾತ್ರ ಬೂದು. ಉಳಿದದ್ದರಲ್ಲಿ ಒಂದಷ್ಟು ಕಪ್ಪು, ಒಂದಷ್ಟು ಬಿಳಿಯ ಮೇಲೆ ಬೂದಿ ಚಿಮುಕಿಸಿದಂಥವು. ತಳಿ ಕೆಟ್ಟಿದೆ ಎಂದು ಅವರು ಕಪ್ಪನ್ನೂ ಚಿಮುಕು ಬಿಳಿಯನ್ನೂ ತೆಗೆದುಹಾಕುತ್ತಲೇ ಹೋದರು. ಎಷ್ಟು ತಲೆಮಾರು ತೆಗೆದರೂ ಮುಂದಿನ ವರ್ಷ ಮತ್ತೆ ಅದೇ ಕಥೆ.

1900ರ ನಂತರದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್, ರೆಜಿನಾಲ್ಡ್ ಪನ್ನೆಟ್ ಮೊದಲಾದವರು ಇದರ ಗುಟ್ಟನ್ನು ಬಿಡಿಸಿದರು. ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಅದು ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಹಾಗೆ. ಕಪ್ಪು ಕೋಳಿ ಬರಿಯ ಡಿಕಾಕ್ಷನ್. ಮರಿಗೆ ಅಪ್ಪನಿಂದಲೋ ಅಮ್ಮನಿಂದಲೋ ಒಂದೇ ಒಂದು ಪಾಲು ‘ಹಾಲು’ ಬಂದರೆ ಬೂದು. ಇಬ್ಬರಿಂದಲೂ ಬಂದು ಎರಡು ಪಾಲಾದರೆ ಬಣ್ಣ ತೀರ ತೆಳುವಾಗಿ ಚಿಮುಕು ಬಿಳಿ. ಬೂದು ಕೋಳಿಯಲ್ಲಿ ಇರುವುದು ಒಂದೇ ಪಾಲು. ಅದನ್ನು ಅದು ತನ್ನ ಅರ್ಧ ಮರಿಗಳಿಗೆ ಮಾತ್ರ ಕೊಡಬಲ್ಲದು. ಬೂದು-ಬೂದು ಕೂಡಿದರೆ ಹನ್ನೆರಡು ಮರಿಗಳಲ್ಲಿ ಸರಾಸರಿ ಮೂರು ಕಪ್ಪು, ಆರು ಬೂದು, ಮೂರು ಚಿಮುಕು ಬಿಳಿ. ಹಾಗಾದರೆ ಎಲ್ಲ ಮರಿಗಳೂ ಬೂದು ಬರಬೇಕಾದರೆ? ತಳಿಗಾರರು ಇಷ್ಟು ಕಾಲ ಕಸವೆಂದು ತೆಗೆದುಹಾಕುತ್ತಿದ್ದ ಕಪ್ಪಿಗೆ, ಕಸವೆಂದು ತೆಗೆದುಹಾಕುತ್ತಿದ್ದ ಚಿಮುಕು ಬಿಳಿಯನ್ನೇ ಕೂಡಿಸಬೇಕು! ಮರಿಗಳೆಲ್ಲ ಬೂದು, ಒಂದೂ ತಪ್ಪದೆ.

ನಿಮ್ಮ ಹಿತ್ತಲಲ್ಲಿ ಬೂದು ಕೋಳಿಯಿದ್ದರೆ ಅದು ಈ ಜಾತಿಯ ಬೂದು ಹೌದೋ ಅಲ್ಲವೋ ಮರಿಗಳೇ ಹೇಳುತ್ತವೆ. ತಿಳಿಬೂದಿನ ಇನ್ನೊಂದು ಬಗೆ ಇದೆ. ಅದರಲ್ಲಿ ಬೂದಿಗೆ ಬೂದು ಕೂಡಿದರೆ ಹುಟ್ಟುವುದೆಲ್ಲ ಬೂದೇ.

ಮಗಳಿಗೆ ಅಪ್ಪನ ಬಣ್ಣ

ಮನುಷ್ಯರಲ್ಲಿ ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವಂಶವಾಹಿಯ ಮೇಲೆ ನಿಂತಿದೆ. (ಹೆಣ್ಣನ್ನೇ ಹೆತ್ತಳೆಂದು ಸೊಸೆಯನ್ನು ಆಡಿಕೊಳ್ಳುವ ಅತ್ತೆಯರು ಇದನ್ನು ಎರಡು ಸಲ ಓದಿಕೊಳ್ಳಲಿ.) ಕೋಳಿಗಳಲ್ಲಿ ಇದು ಉಲ್ಟಾ, ಅಲ್ಲಿ ತೀರ್ಮಾನ ತಾಯಿಯದು. ಇದರಿಂದ ಒಂದು ವಿಚಿತ್ರ ಆಗುತ್ತದೆ. ಕೆಲವು ಬಣ್ಣಗಳನ್ನು ಹೆಣ್ಣುಮರಿ ತಂದೆಯಿಂದ ಮಾತ್ರ ಪಡೆಯಬಲ್ಲದು, ತಾಯಿಯಿಂದ ಅಲ್ಲವೇ ಅಲ್ಲ. ಕತ್ತಿನ ಗರಿಯ ಹೊಂಬಣ್ಣ-ಬೆಳ್ಳಿಬಣ್ಣ ಅಂಥದೊಂದು. ಮೈಮೇಲಿನ ಕಪ್ಪು ಬಿಳಿ ಅಡ್ಡಪಟ್ಟೆ ಇನ್ನೊಂದು.

ಹೊಂಬಣ್ಣದ ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬೆಳ್ಳಿಬಣ್ಣದ ಲೈಟ್ ಸಸೆಕ್ಸ್ ಹೇಂಟೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಅಪ್ಪನಂತೆ ಕೆಂಚು, ಗಂಡುಮರಿಗಳೆಲ್ಲ ಅಮ್ಮನಂತೆ ಮಾಸಲು ಹಳದಿ. ಮೊಟ್ಟೆಯೊಡೆದು ಬಂದ ದಿನವೇ ಬೇರ್ಪಡಿಸಬಹುದು! ಪಟ್ಟೆ ಹೇಂಟೆಗೆ ಪಟ್ಟೆಯಿಲ್ಲದ ಕರಿ ಹುಂಜ ಕೂಡಿದರೆ ಗಂಡುಮರಿಯ ನೆತ್ತಿಯ ಮೇಲೆ ಬಿಳಿ ಬೊಟ್ಟು, ಹೆಣ್ಣುಮರಿಗೆ ಬೊಟ್ಟಿಲ್ಲ. ನಮ್ಮಲ್ಲಿ ಹೆಣ್ಣಿಗೆ ಬೊಟ್ಟು, ಕೋಳಿಯಲ್ಲಿ ಗಂಡಿಗೆ! ಹುಂಜ ಹೇಂಟೆಗಳನ್ನು ಅದಲುಬದಲು ಮಾಡಿ ಕೂಡಿಸಿದರೆ ಮಾತ್ರ ಈ ಗುರುತು ಸಿಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯಕ್ಕೆ ತತ್ವಾರವಾದಾಗ, ಮೊಟ್ಟೆಯಿಡದ ಗಂಡುಮರಿಗಳಿಗೆ ತಿಂಗಳುಗಟ್ಟಲೆ ಕಾಳು ಹಾಕುವುದನ್ನು ಉಳಿಸಲು ಈ ಬಣ್ಣದ ಗುರುತನ್ನು ಬಳಸಿ ಎಂದು ಸಲಹೆ ಕೊಟ್ಟವರು ಅದೇ ಪನ್ನೆಟ್. ಕಂದು ಮೊಟ್ಟೆಯ ಫಾರಂ ಕೋಳಿಗಳಲ್ಲಿ ಇಂದಿಗೂ ಈ ಉಪಾಯ ನಡೆಯುತ್ತಿದೆ.

ನಮಗೆ ಇದರಿಂದ ಬರುವ ಪಾಠ ಸರಳ. ಹೊಂಬಣ್ಣದ, ಇಲ್ಲವೆ ಪಟ್ಟೆಯ ಹೇಂಟೆಗಳು ಬೇಕಾದರೆ ಹುಂಜವನ್ನು ಆರಿಸುವುದರಲ್ಲಿ ಜಿಪುಣತನ ಮಾಡಬೇಡಿ. ತಾಯಿ ಎಷ್ಟು ಚೆಂದವಿದ್ದರೂ ಆ ಬಣ್ಣ ಮಗಳಿಗೆ ದಾಟುವುದಿಲ್ಲ.

ಬಣ್ಣದ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಹೇಂಟೆ ಕೂಗಿದರೆ ಮನೆಗೆ ಕೇಡು ಎಂದು ಹಿರಿಯರು ಹೆದರುತ್ತಿದ್ದರಲ್ಲ? ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯ ಒಂದೇ. ವಯಸ್ಸಿನಿಂದಲೋ ರೋಗದಿಂದಲೋ ಅದು ಕೆಟ್ಟರೆ ಹೆಣ್ಣಿನ ಹಾರ್ಮೋನು ನಿಲ್ಲುತ್ತದೆ. ಮುಂದಿನ ಸಲ ಗರಿ ಉದುರಿ ಮೂಡುವಾಗ ಹುಂಜದ ಹೊಳೆಯುವ ಗರಿಗಳೇ ಮೂಡುತ್ತವೆ. ಕೆಲವು ಕೂಗುವುದೂ ಉಂಟು. ಕೇಡು ಆಗಿರುವುದು ಕೋಳಿಗೆ, ಮನೆಗಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1474ರಲ್ಲಿ ಮೊಟ್ಟೆಯಿಟ್ಟ ‘ಹುಂಜ’ವೊಂದನ್ನು ವಿಚಾರಣೆ ಮಾಡಿ ಸುಟ್ಟೇಬಿಟ್ಟರು. ಬಹುಶಃ ಅದೂ ಹುಂಜದ ಗರಿ ಹೊತ್ತ ಬಡಪಾಯಿ ಹೇಂಟೆಯೇ.

ನಿಮ್ಮ ಹಿತ್ತಲಲ್ಲಿ

ಈಗ ಕೆಲಸಕ್ಕೆ ಬರೋಣ. ಕರಿ ಕೋಳಿಯ ಒಂದು ಸಾಲು ಮಾಡಿಕೊಳ್ಳಬೇಕು ಎಂದಿಟ್ಟುಕೊಳ್ಳಿ. ಚೆನ್ನಾಗಿ ಬೆಳೆದ ಒಂದು ಕರಿ ಹುಂಜ, ಮೂರು ನಾಲ್ಕು ಕರಿ ಹೇಂಟೆ ಆರಿಸಿಕೊಳ್ಳಿ. ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಹೇಂಟೆ ಒಂದು ಸಲ ಹುಂಜವನ್ನು ಕೂಡಿದರೆ ಎರಡು ಮೂರು ವಾರ ಫಲವಾದ ಮೊಟ್ಟೆ ಇಡುತ್ತಿರುತ್ತದೆ. ಇವತ್ತು ಹುಂಜ ಬದಲಾಯಿಸಿ ನಾಳೆಯ ಮೊಟ್ಟೆಯನ್ನು ಕಾವಿಗಿಟ್ಟರೆ ಮರಿ ಹಳೆಯ ಹುಂಜದ್ದೇ ಇರಬಹುದು. ಆದ್ದರಿಂದ ಹೇಂಟೆಗಳನ್ನು ಮೂರು ವಾರ ಬೇರೆ ಹುಂಜ ಸೇರದ ಹಾಗೆ ಕೂಡಿಹಾಕಿ, ಆಮೇಲೆ ನೀವು ಆರಿಸಿದ ಹುಂಜವನ್ನು ಬಿಡಿ. ಬೀದಿಯ ಹುಂಜಗಳು ಗೋಡೆ ಹಾರುವುದರಲ್ಲಿ ಜಾಣ. ಬಲೆ ಕಟ್ಟದೆ ಈ ಕೆಲಸ ಆಗದು.

ಮೊಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ತಾರೀಖು, ಹೇಂಟೆಯ ಗುರುತು ಬರೆಯಿರಿ. ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗೆ ಕಾವಿಗೆ ಇಡಿ. ಒಂದು ನಾಟಿ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಆಸೆಗೆ ಹದಿನೆಂಟು ಇಟ್ಟರೆ ಅಂಚಿನವು ತಣ್ಣಗಾಗಿ ಕೆಡುತ್ತವೆ. 21 ದಿನಕ್ಕೆ ಮರಿ. ಕೊಕ್ಕರೆ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಮೊದಲ ವಾರದಲ್ಲೇ ಹಾಕಿಸಿ. ಅದು ಬಂದರೆ ಬಣ್ಣವೂ ಇಲ್ಲ, ಕೋಳಿಯೂ ಇಲ್ಲ.

ಮರಿಯ ನವಿರು ನೋಡಿ ಬಣ್ಣ ತೀರ್ಮಾನಿಸಬೇಡಿ. ಅಚ್ಚ ಕಪ್ಪು ಆಗಲಿರುವ ಮರಿಗೂ ಹೊಟ್ಟೆ, ಗಂಟಲು ಬಿಳಿಯಾಗಿರುತ್ತದೆ. ‘ಇದು ಬೆರಕೆ’ ಎಂದು ಮಾರಿ ಕೈ ಕೈ ಹಿಸುಕಿಕೊಂಡವರಿದ್ದಾರೆ. ಅಳಿಲಿನಂತೆ ಬೆನ್ನಿನ ಮೇಲೆ ಗೆರೆಯಿರುವ ಮರಿ ಕಾಡುಕೋಳಿಯ ಬಣ್ಣಕ್ಕೆ ತಿರುಗುವುದೇ ಹೆಚ್ಚು. ಹುಂಜದ ಬಣ್ಣ ಪೂರ್ತಿ ಕೂಡಿಬರಲು ಐದಾರು ತಿಂಗಳು ಕಾಯಬೇಕು. ಗುರುತಿಗೆ ಕಾಲಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿದರೆ ವಾರಕ್ಕೊಮ್ಮೆ ಸಡಿಲಿಸಿ; ಕಾಲು ಬೆಳೆದು ದಾರ ಒಳಕ್ಕೆ ಕೊರೆಯುತ್ತದೆ.

ಎರಡನೆಯ ವರ್ಷ ಬಣ್ಣ ಸರಿಬಂದ ಹೇಂಟೆಗಳನ್ನು ಉಳಿಸಿಕೊಳ್ಳಿ. ಅವಕ್ಕೆ ಅವುಗಳ ಒಡಹುಟ್ಟಿದ ಹುಂಜವನ್ನೇ ಬಿಡಬೇಡಿ. ಒಂದೆರಡು ಸಲ ಏನೂ ಕಾಣದು. ಆಮೇಲೆ ಮೊಟ್ಟೆಯೊಳಗೇ ಮರಿ ಸಾಯುವುದು, ಹುಟ್ಟಿದ್ದು ಸೊರಗುವುದು ಶುರುವಾಗುತ್ತದೆ. ನಿಮ್ಮ ಹಾಗೇ ಕರಿ ಕೋಳಿ ಸಾಕುವ ಗೆಳತಿಯೊಬ್ಬಳು ಪಕ್ಕದ ಬೀದಿಯಲ್ಲೋ ತವರೂರಿನಲ್ಲೋ ಇದ್ದರೆ ವರ್ಷಕ್ಕೊಮ್ಮೆ ಹುಂಜ ಬದಲಾಯಿಸಿಕೊಳ್ಳಿ. ಅರಿಸಿನ ಕುಂಕುಮದ ಜೊತೆ ಹುಂಜವೂ ಓಡಾಡಲಿ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಬಣ್ಣಕ್ಕೆ ಮರುಳಾಗಿ ಕಾವಿಗೆ ಕೂರದ ಹೇಂಟೆಯ ಮೊಟ್ಟೆಯನ್ನೇ ಮತ್ತೆ ಮತ್ತೆ ಮರಿ ಮಾಡಿಸಬೇಡಿ. ಹೋದ ಬಣ್ಣವನ್ನು ಎರಡು ಮೂರು ತಲೆಮಾರಿನಲ್ಲಿ ಮತ್ತೆ ತರಬಹುದು. 21 ದಿನ ಅನ್ನ ನೀರು ಮರೆತು ಕೂರುವ, ಹದ್ದಿನ ನೆರಳು ಕಂಡರೆ ಕೊರಗುಟ್ಟಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ತಾಯ್ತನ ಒಂದು ಸಲ ಸಾಲಿನಿಂದ ಜಾರಿತೋ, ಹಿತ್ತಲಲ್ಲಿ ಕುಳಿತು ಅದನ್ನು ತಿರುಗಿ ತರುವುದು ಬಲು ಕಷ್ಟ. ಫಾರಂ ಲೇಯರ್‌ಗಳಲ್ಲಿ ಹೆಚ್ಚು ಮೊಟ್ಟೆಗಾಗಿ ಈ ಗುಣವನ್ನು ಬೇಕೆಂದೇ ಆರಿಸಿ ಆರಿಸಿ ತೆಗೆದರು. ಇನ್‌ಕ್ಯುಬೇಟರ್ ಇರುವವರಿಗೆ ಅದು ನಡೆಯುತ್ತದೆ, ನಮಗೆ ನಡೆಯುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಒಳ್ಳೆಯ ಕೋಳಿಯೇ. ಹದ್ದು, ಮುಂಗುಸಿಯ ಕಣ್ಣಿಗೆ ಬೀಳದ ಬಣ್ಣದ ಗರಿ, ವರ್ಷಕ್ಕೆ 130ರಿಂದ 150 ಮೊಟ್ಟೆ. ಆದರೆ ಕಾವಿಗೆ ಕೂರಲು ಅದನ್ನು ನಂಬುವಂತಿಲ್ಲ. ಅದನ್ನು ಸಾಕಿ, ಮೊಟ್ಟೆ ತಿನ್ನಿ, ಮಾರಿ. ನಿಮ್ಮ ನಾಟಿ ಹೇಂಟೆಗಳ ನಡುವೆ ಮಾತ್ರ ಅದರ ಹುಂಜವನ್ನು ಬಿಡಬೇಡಿ. ಮೂರು ವರ್ಷದಲ್ಲಿ ಬಣ್ಣದ ಕೋಳಿಗಳು ಹಿತ್ತಲ ತುಂಬ ಓಡಾಡುತ್ತಿರುತ್ತವೆ, ಮರಿ ಮಾಡಲು ಕೂರುವುದು ಒಂದೂ ಇರುವುದಿಲ್ಲ.

ಸಂತೆಯಲ್ಲಿ ಕೊಳ್ಳುವಾಗಲೂ ಕಣ್ಣು ತೆರೆದಿರಿ. ಬಣ್ಣದ ಗರಿ ಇದ್ದ ಮಾತ್ರಕ್ಕೆ ನಾಟಿಯಲ್ಲ. ಶೆಡ್ಡಿನಲ್ಲಿ ಬೆಳೆದ ಬಣ್ಣದ ಮಾಂಸದ ಕೋಳಿಗಳು ‘ನಾಟಿ’ ಹೆಸರಿನಲ್ಲಿ ಬರುತ್ತವೆ. ಜುಟ್ಟು ಇನ್ನೂ ಎಳೆಯದು, ಕಾಲಿನ ಮುಳ್ಳು ಮೂಡಿಲ್ಲ, ತೂಕ ನೋಡಿದರೆ ಎರಡು ಕಿಲೋ. ಅದು ನಾಟಿ ಹುಂಜ ಆಗಿರಲಾರದು. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಗರಿಯಷ್ಟೇ ಅಲ್ಲ, ಚರ್ಮ ಮಾಂಸವೂ ಕಪ್ಪು. ಬೆರಕೆ ಮರಿಗಳೂ ಹಲವು ಸಲ ಕಪ್ಪಾಗಿಯೇ ಹುಟ್ಟುವುದರಿಂದ, ಕಪ್ಪು ಕಂಡ ಕೂಡಲೇ ಕಡಕ್‌ನಾಥ್ ಬೆಲೆ ತೆರಬೇಡಿ.

ಕೊನೆಗೆ, ಉಳಿದ ಹುಂಜಗಳದೇನು ಗತಿ ಎಂದು ಕೇಳುವಿರಿ. ಹುಟ್ಟುವುದರಲ್ಲಿ ಅರ್ಧ ಗಂಡು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ. ಬಣ್ಣ ಒಪ್ಪಿದ ಒಂದೆರಡನ್ನು ಇಟ್ಟುಕೊಂಡು ಮಿಕ್ಕವನ್ನು ಹಬ್ಬದ ಮುಂಚೆ ಸಂತೆಗೆ ಕಳಿಸಿ, ರೇಟು ಚೆನ್ನಾಗಿರುತ್ತದೆ. ಮನೆಗೇ ಆಗುವುದಾದರೆ ಬಣ್ಣ ಕೆಟ್ಟ ಹುಂಜದ ಸಾರು ಬಣ್ಣ ಬಂದ ಹುಂಜದ ಸಾರಿಗಿಂತ ಒಂದು ಚೂರೂ ಕಡಿಮೆಯಿರುವುದಿಲ್ಲ. ಬಲಿತ ನಾಟಿಯಾದ್ದರಿಂದ ಕುಕ್ಕರಿನಲ್ಲಿ ಎರಡು ಕೂಗು ಹೆಚ್ಚು ಕೂಗಿಸಿ.